ಟ್ಯಾಂಕರ್ ಡ್ರೈವರನ ಇಬ್ಬರು ಹೆಣ್ಣುಮಕ್ಕಳು

ಬ್ಯಾನರಿನ ಬಟ್ಟೆ ತಂದುಕೊಟ್ಟವರು ಮಹಿಳಾ ಸಂಘದ ಕಾರ್ಯದರ್ಶಿ. ಐದು ಮೀಟರ್ ಬಿಳಿ, ಎರಡು ಮೀಟರ್ ನೀಲಿ. ನೀಲಿಯಲ್ಲಿ ಅಕ್ಷರ ಕತ್ತರಿಸಿ ಬಿಳಿಯ ಮೇಲಿಟ್ಟು ಹೊಲಿಯಬೇಕು. ಏನೇನು ಬರೆಯಬೇಕೆಂದು ಜೊತೆಗೊಂದು ಚೀಟಿ. ಟೈಲರ್ ಅಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ‘ಅಣುಬಾಂಬ್ ಪರೀಕ್ಷೆ ಇನ್ನು ಬೇಡ. ಭಾನುವಾರ ಸಂಜೆ ಎಲ್ಲರೂ ಬನ್ನಿ’ ಎಂಬಲ್ಲಿಯವರೆಗೆ ಅವಳಿಗೆ ಏನೂ ಅನಿಸಲಿಲ್ಲ. ಅದರ ಕೆಳಗೆ, ಮುಖ್ಯ ಭಾಷಣಕಾರರು ಎಂದು ತನ್ನ ಒಡಹುಟ್ಟಿದ ತಂಗಿಯ ಹೆಸರು ಕಂಡಾಗ ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು.

"ನಿಮ್ಮ ತಂಗಿ ಅಂದ್ರೆ ನಮಗೆಲ್ಲ ಹೆಮ್ಮೆ ಕಣ್ರೀ," ಎಂದರು ಕಾರ್ಯದರ್ಶಿ. "ಅಕ್ಷರ ಸ್ವಲ್ಪ ದೊಡ್ಡದಾಗೇ ಇರ್ಲಿ."

"ಯಾವ ಅಕ್ಷರ?"

"ಅದೇ, ಅವರ ಹೆಸರು."

ಟೈಲರ್ ಅಕ್ಕ ಕತ್ತರಿಯನ್ನು ಒಂದು ಸಲ ಗಾಳಿಯಲ್ಲೇ ಆಡಿಸಿದಳು. ಇಪ್ಪತ್ತೆಂಟು ವರ್ಷದಿಂದ ಈ ಬೀದಿಯ ಜನಕ್ಕೆಲ್ಲ ಬಟ್ಟೆ ಹೊಲಿದವಳು ಅವಳು. ಸಂಘ ಕಟ್ಟಿದಾಗ ಮೊದಲ ಸಭೆ ನಡೆದದ್ದೂ ಅವಳ ಅಂಗಡಿಯಲ್ಲೇ. ತಂಗಿ ಬಂದು ಇನ್ನೂ ಆರು ತಿಂಗಳು. ಬೆಟ್ಟದ ಮೇಲೆ ಅಣುಸ್ಫೋಟ ಪತ್ತೆಹಚ್ಚುವ ಮಾಪನ ಕೇಂದ್ರಕ್ಕೆ ಅಧಿಕಾರಿಯಾಗಿ ಬಂದವಳು, ಜೀಪಿನಲ್ಲಿ ಓಡಾಡುವುದು ನೋಡಿ ಬೀದಿಯವರು ‘ಜೀಪಮ್ಮ’ ಎಂದು ಹೆಸರಿಟ್ಟಿದ್ದರು. ಆ ಜೀಪಿನ ಸದ್ದು ಕೇಳಿದರೆ ಸಾಕು, ಮಂಡಿನೋವಿನ ಅಮ್ಮ ಮಂಚದಿಂದ ತಾನಾಗಿ ಎದ್ದು ಕೂರುತ್ತಿದ್ದಳು. ಹಗಲಿರುಳು ಆ ಮಂಡಿಗೆ ಎಣ್ಣೆ ತಿಕ್ಕುವವಳು ಮಾತ್ರ ದೊಡ್ಡ ಮಗಳು.

"ಇನ್ನೊಂದು ವಿಷ್ಯ," ಹೊರಟಿದ್ದ ಕಾರ್ಯದರ್ಶಿ ಬಾಗಿಲಲ್ಲಿ ನಿಂತರು. "ನಿಮ್ಮ ತಂದೆ ಕಥೆನೂ ಹೇಳಿ ಅಂತ ಅವರನ್ನ ಕೇಳಿದ್ದೀವಿ. ಜನಕ್ಕೆ ಮನಸ್ಸಿಗೆ ನಾಟುತ್ತೆ."

ಅಲ್ಲಿಗೆ ಕೆಂಡ ಉರಿಯಾಯಿತು.

ಅಪ್ಪ ಟ್ಯಾಂಕರ್ ಡ್ರೈವರ್ ಆಗಿದ್ದ. ಬೆಟ್ಟದಾಚೆ, ಬಸ್ಸಿನಲ್ಲಿ ಮೂರು ತಾಸು ಹೋದರೆ ಸಿಗುವ ಬಯಲಿನಲ್ಲಿ ದೇಶ ತನ್ನ ಅಣುಬಾಂಬುಗಳನ್ನು ಪರೀಕ್ಷೆ ಮಾಡುತ್ತಿದ್ದ ಕಾಲ ಅದು. ನೆಲದಲ್ಲಿ ಆಳವಾದ ಗುಂಡಿ ಕೊರೆದು, ಒಳಗೆ ಬಾಂಬ್ ಇಳಿಸಿ, ಮುಚ್ಚಿ, ಸಿಡಿಸುತ್ತಿದ್ದರು. ದಾರಿಯ ಧೂಳಿಗೆ ನೀರು ಹೊಡೆಯುವುದು, ವಾಪಸು ಬಂದ ವಾಹನಗಳನ್ನು ಪೈಪು ಹಿಡಿದು ತೊಳೆಯುವುದು ಅಪ್ಪನ ಕೆಲಸ. ಐವತ್ತೆರಡನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂತು. ಮೂರು ವರ್ಷ ಮಲಗಿದ. ಟೈಲರ್ ಅಕ್ಕ ಮಂಚದ ಪಕ್ಕದಲ್ಲೇ ಮಿಷನ್ ಹಾಕಿಕೊಂಡು, ಕಾಲು ಪೆಡಲ್ ಮೇಲೆ, ಕಿವಿ ಅವನ ಉಸಿರಿನ ಮೇಲೆ ಇಟ್ಟು ಆ ಮೂರು ವರ್ಷ ಕಳೆದಳು. ತಂಗಿ ದೂರದ ಕಾಲೇಜಿನಲ್ಲಿದ್ದಳು. ರಜೆಗೆ ಬಂದಾಗ ಅಪ್ಪ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ, ನಗುನಗುತ್ತಾ ಮಾತಾಡುತ್ತಿದ್ದ. ಅವಳು ರೈಲು ಹತ್ತಿದ ಮೇಲೆ ಎರಡು ದಿನ ಏಳುತ್ತಿರಲಿಲ್ಲ.

"ನಗುವೆಲ್ಲ ಅವಳ ಪಾಲಿಗೆ, ವಾಂತಿಯೆಲ್ಲ ನನ್ನ ಪಾಲಿಗೆ," ಎಂದಳು ಟೈಲರ್ ಅಕ್ಕ, ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ. "ಈಗ ಅಪ್ಪನ ಸಾವನ್ನೂ ಅವಳೇ ಹೇಳಿ ಚಪ್ಪಾಳೆ ಹೊಡೆಸ್ಕೊಳ್ತಾಳೆ."

ಗಂಡ ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಮೆತ್ತಗೆ ಮಾತಾಡುವ ಮನುಷ್ಯ. "ಅವಳು ಹೇಳ್ತಿರೋದು ಒಳ್ಳೆ ಕೆಲಸಕ್ಕೆ ತಾನೇ?"

"ಏನು ಒಳ್ಳೇದು ರೀ? ಬಾಂಬ್ ಇಟ್ಕೊಂಡಿರೋ ದೇಶಗಳೇ ಪರೀಕ್ಷೆ ಬೇಡ ಅಂತ ಪ್ರಚಾರ ಮಾಡ್ತಿವೆ. ತಾವು ಹೊಟ್ಟೆ ತುಂಬ ಉಂಡು, ತೇಗಿ, ಪಕ್ಕದ ಮನೆಯವರಿಗೆ ಉಪವಾಸ ಮಾಡಿ ಅಂದಂಗೆ."

ಮಾತು ಚೆನ್ನಾಗಿ ಬಂದಿತ್ತು. ಅವಳಿಗೇ ರುಚಿಸಿತು. ಮರುದಿನದಿಂದ ಅಳತೆ ಕೊಡಲು ಬಂದವರಿಗೆಲ್ಲ ಅದನ್ನೇ ಬಡಿಸಿದಳು. ತೋಳಿನ ಅಳತೆ ತೆಗೆಯುತ್ತಾ ಒಬ್ಬರಿಗೆ, ಗುಂಡಿ ಹಚ್ಚುತ್ತಾ ಇನ್ನೊಬ್ಬರಿಗೆ. ಟೈಲರ್ ಅಕ್ಕ ಹೇಳಿದರೆ ಬೀದಿಯಲ್ಲಿ ತೂಕವಿತ್ತು. ಶುಕ್ರವಾರದ ಹೊತ್ತಿಗೆ ಸಹಿ ಹಾಕುತ್ತೇವೆ ಎಂದಿದ್ದವರಲ್ಲಿ ಅರ್ಧ ಜನ ಹಿಂದೆ ಸರಿದರು.

ಸಹಿ ಬೇಕಾಗಿದ್ದದ್ದು ಸಂಸತ್ತಿನಲ್ಲಿರುವ ತಮ್ಮ ಊರಿನ ಪ್ರತಿನಿಧಿಗೆ ಕಳಿಸುವ ಪತ್ರಕ್ಕೆ. ದೇಶ ಪರೀಕ್ಷೆ ನಿಲ್ಲಿಸಿ ಹಲವು ವರ್ಷವಾಗಿತ್ತು. ಪರೀಕ್ಷೆಗಳನ್ನು ಪೂರ್ತಿ ನಿಷೇಧಿಸುವ ಒಪ್ಪಂದಕ್ಕೆ ಸರ್ಕಾರ ಸಹಿ ಹಾಕಿತ್ತು, ಸಂಸತ್ತಿನ ಒಪ್ಪಿಗೆಯೊಂದು ಬಾಕಿ. ಅದು ಸಿಕ್ಕರೆ ಬಾಂಬ್ ಇರುವ ಉಳಿದ ದೇಶಗಳನ್ನೂ ಒಪ್ಪಿಸುವುದು ಸುಲಭವೆಂದು ಸರ್ಕಾರ ಹೇಳುತ್ತಿತ್ತು. ಆದರೆ ಅದೇ ಸಂಸತ್ತಿನಲ್ಲಿ, ‘ಬೇರೆ ದೇಶದವರು ಮಾಡುತ್ತಾರಂತೆ, ನಾವೂ ಆ ಬಯಲನ್ನು ಮತ್ತೆ ತೆರೆಯೋಣ’ ಎನ್ನುವವರ ದನಿಯೂ ಏರುತ್ತಿತ್ತು.

"ನಿಮ್ಮಿಂದಾಗಿ ಪತ್ರ ನಿಂತುಹೋಯ್ತು," ಎಂದರು ಕಾರ್ಯದರ್ಶಿ ಬೇಸರದಿಂದ. "ಬಯಲು ತೆರೆದ್ರೆ ಟ್ಯಾಂಕರ್ ಓಡ್ಸೋಕೆ ಹೋಗೋರು ನಮ್ಮ ಮನೆ ಮಕ್ಕಳೇ ಅಲ್ವಾ?"

ಟೈಲರ್ ಅಕ್ಕ ಶನಿವಾರ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ ಗಂಡನ ಬಸ್ಸಿನಲ್ಲೇ ಬೆಟ್ಟದ ಬುಡದವರೆಗೆ ಹೋಗಿ, ಮೇಲಿನ ದಾರಿಯನ್ನು ನಡೆದೇ ಹತ್ತಿದಳು. ತಂಗಿಗೆ ಒಂದೇ ಮಾತು ಹೇಳುವುದಿತ್ತು. ಅಪ್ಪನ ಸುದ್ದಿ ಎತ್ತಕೂಡದು.

ಕೇಂದ್ರವೆಂದರೆ ದೊಡ್ಡ ಕಟ್ಟಡವಿರಬಹುದೆಂದು ಅವಳು ತಿಳಿದಿದ್ದಳು. ನೋಡಿದರೆ ಎರಡು ಕೋಣೆ, ಒಂದು ತಗಡಿನ ಶೆಡ್ಡು. ಶೆಡ್ಡಿನಲ್ಲಿ ಗಾಳಿ ಎಳೆಯುವ ಯಂತ್ರವೊಂದು ಗುಯ್‌ಗುಟ್ಟುತ್ತಿತ್ತು. ತಂಗಿ ಕೈಗವಸು ಹಾಕಿಕೊಂಡು ಅದರೊಳಗಿನಿಂದ ಹಾಳೆಯಷ್ಟಗಲದ, ಬಟ್ಟೆಯಂಥದ್ದೇನನ್ನೋ ತೆಗೆಯುತ್ತಿದ್ದಳು.

"ಅಕ್ಕ, ನಡ್ಕೊಂಡು ಬಂದ್ಯಾ? ಫೋನ್ ಮಾಡಿದ್ರೆ ಜೀಪ್ ಕಳಿಸ್ತಿದ್ನಲ್ಲ."

"ನಿನ್ನ ಜೀಪ್ ನಿನಗೇ ಇರ್ಲಿ. ಅದೇನು ಕೈಯಲ್ಲಿ?"

"ದಿನಾ ಬದಲಾಯಿಸೋ ಫಿಲ್ಟರ್. ಎಲ್ಲಾದ್ರೂ ಬಾಂಬ್ ಸಿಡಿಸಿದ್ರೆ ಅದರ ವಿಷದ ಕಣ ಗಾಳೀಲಿ ಸಾವಿರಾರು ಮೈಲಿ ಬರುತ್ತೆ. ಇದ್ರಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಆ ಕೋಣೇಲಿರೋ ಯಂತ್ರ ನೆಲದ ನಡುಕ ಅಳೆಯುತ್ತೆ. ಭೂಕಂಪಕ್ಕೂ ಸ್ಫೋಟಕ್ಕೂ ವ್ಯತ್ಯಾಸ ಗೊತ್ತಾಗುತ್ತೆ. ಹಿಂಗೆ ಕಾವಲು ಕಾಯೋ ಕೇಂದ್ರಗಳು ಪ್ರಪಂಚದಾದ್ಯಂತ ಮುನ್ನೂರಕ್ಕೂ ಹೆಚ್ಚಿವೆ. ಗುಟ್ಟಾಗಿ ಸಿಡಿಸಿ ಅರಗಿಸ್ಕೊಳ್ಳೋದು ಈಗ ಬಹಳ ಕಷ್ಟ."

ಟೈಲರ್ ಅಕ್ಕ ಪೆಟ್ಟಿಗೆಯಿಂದ ಹೊಸ ಫಿಲ್ಟರೊಂದನ್ನು ಎತ್ತಿ ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು. ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಮಾಡಿದ್ದು. ಅಷ್ಟು ಒತ್ತಾದ ಬಟ್ಟೆಯನ್ನು ಅವಳು ಹಿಂದೆಂದೂ ಮುಟ್ಟಿರಲಿಲ್ಲ. ಅಪ್ಪ ವಾಹನ ತೊಳೆಯುವಾಗ ಬಾಯಿಗೆ ಕಟ್ಟಿಕೊಳ್ಳುತ್ತಿದ್ದದ್ದು ತೆಳ್ಳನೆಯ ಕರವಸ್ತ್ರ. ಅದನ್ನು ಒಗೆಯುತ್ತಿದ್ದವಳು ಅವಳೇ.

"ನಾನು ಬಂದಿದ್ದು ನಿನ್ನ ಪಾಠ ಕೇಳೋಕಲ್ಲ," ಎಂದಳು. "ನೀನು ಅಪ್ಪನ ವಿಷ್ಯ ಮಾತಾಡ್ಬಾರ್ದು. ನಿನಗೇನು ಗೊತ್ತು ಅದು?"

"ಏನೂ ಗೊತ್ತಿಲ್ಲ," ಎಂದಳು ತಂಗಿ.

ಜಗಳಕ್ಕೆ ಸಜ್ಜಾಗಿ ಬಂದವಳು ಕೈಯಲ್ಲಿದ್ದ ಫಿಲ್ಟರನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ತಂಗಿ ಕೈಗವಸು ಕಳಚಿ ಮೆಟ್ಟಿಲ ಮೇಲೆ ಕೂತಳು. "ನಾಲ್ಕು ದಿನದಿಂದ ಬರೀತಿದ್ದೀನಿ, ಎರಡು ಸಾಲು ದಾಟ್ತಿಲ್ಲ. ಅಪ್ಪ ನನ್ ಹತ್ರ ಏನೂ ಹೇಳ್ಲಿಲ್ಲ ಅಕ್ಕ. ಬಂದಾಗೆಲ್ಲ ನಗೋರು, ಕಾಲೇಜ್ ಪರೀಕ್ಷೆ ಹೆಂಗಾಯ್ತು ಅನ್ನೋರು. ನೆಂಟರ ಥರ ನೋಡ್ಕೊಂಡ್ರು ನನ್ನ. ನಿಜವಾದ ಅಪ್ಪ ಸಿಕ್ಕಿದ್ದು ನಿನಗೆ. ಇಷ್ಟು ವರ್ಷ ನಂಗೆ ಅದೇ ಹೊಟ್ಟೆಯುರಿ."

"ನಿನಗಾ? ನನ್ ಮೇಲಾ?"

"ಹೂಂ."

ಇಂಥ ಮಾತು ಕೇಳಿದರೆ ಮನಸ್ಸು ಕರಗಬೇಕು. ಟೈಲರ್ ಅಕ್ಕನಿಗೆ ಮೊದಲು ಆದದ್ದು ಸಣ್ಣದೊಂದು ಸಂತೋಷ. ಜೀಪಮ್ಮ ತನ್ನನ್ನು ನೋಡಿ ಕರುಬಿದ್ದಾಳೆ. ಆ ಸಂತೋಷಕ್ಕೆ ಮರುಕ್ಷಣವೇ ನಾಚಿಕೆಯೂ ಆಯಿತು. ಅವಳೂ ಮೆಟ್ಟಿಲ ಮೇಲೆ ಕೂತಳು.

"ಒಂದು ಕೇಳ್ತೀನಿ, ನೇರವಾಗಿ ಹೇಳು," ಎಂದಳು. "ಬಾಂಬ್ ಇಟ್ಕೊಂಡವರೇ ಈ ಪ್ರಚಾರ ಮಾಡೋದು ಆಷಾಢಭೂತಿತನ ಅಲ್ವಾ?"

"ಅರ್ಧ ನಿಜ. ಬಾಂಬ್ ಇನ್ನೂ ಅವರ ಹತ್ರ ಇದೆ. ಅದೂ ಹೋಗ್ಬೇಕು. ಆದ್ರೆ ಈ ಒಪ್ಪಂದದಲ್ಲಿ ಬಾಂಬ್ ಇದ್ದವರಿಗೊಂದು ನ್ಯಾಯ, ಇಲ್ಲದವರಿಗೊಂದು ಅಂತ ಇಲ್ಲ. ಯಾರೂ, ಎಲ್ಲೂ, ಎಷ್ಟು ಚಿಕ್ಕದಾದ್ರೂ ಸಿಡಿಸೋ ಹಂಗಿಲ್ಲ. ಪರೀಕ್ಷೆ ಮಾಡ್ದೆ ಹೊಸ ನಮೂನೆ ಬಾಂಬ್ ನಂಬೋದು ಕಷ್ಟ. ಹಂಗಾಗಿ ಮೊದಲು ಕೈ ಕಟ್ಟೋದು ಇದ್ದವರದ್ದೇ. ಅವರಾಗಿ ಕೈ ಚಾಚಿದಾಗ ಕಟ್ಟೋದು ಬಿಟ್ಟು, ನಿನ್ನೆ ಯಾಕೆ ಚಾಚಲಿಲ್ಲ ಅಂತ ಕೂತ್ರೆ ನಷ್ಟ ಯಾರಿಗೆ?"

ಟೈಲರ್ ಅಕ್ಕ ಬಯಲಿದ್ದ ದಿಕ್ಕಿಗೆ ನೋಡಿದಳು. "ಅಪ್ಪನಿಗೆ ಬಂದಿದ್ದು ಅದರಿಂದಾನೇ ಅಂತೀಯಾ?"

"ಒಬ್ಬರ ವಿಷ್ಯದಲ್ಲಿ ಹಂಗೆ ಖಚಿತವಾಗಿ ಹೇಳೋಕಾಗಲ್ಲ ಅಕ್ಕ. ಆ ವಿಷದಿಂದ ಕ್ಯಾನ್ಸರ್ ಬರೋ ಅಪಾಯ ಹೆಚ್ಚುತ್ತೆ ಅನ್ನೋದು ಮಾತ್ರ ಖಚಿತ. ನಾಳೆ ಅಷ್ಟೇ ಹೇಳ್ತೀನಿ. ಅಪ್ಪನ ಮಾತು ನೀನು ಹೇಳು."

"ನಾನಾ? ಮೈಕ್ ಮುಂದೆ ನಂಗೆ ಗಂಟಲು ಒಣಗುತ್ತೆ."

"ಪಕ್ಕದಲ್ಲಿ ನೀರು ಇಟ್ಕೊಂಡು ನಿಂತಿರ್ತೀನಿ."

ಭಾನುವಾರ ಸಂಜೆ ಶಾಲೆಯ ಹಜಾರ ತುಂಬಿತ್ತು. ಅಮ್ಮ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಟೈಲರ್ ಅಕ್ಕನ ಗಂಡ. ತಂಗಿ ಹತ್ತು ನಿಮಿಷ ಮಾತಾಡಿದಳು. ಜನ ಗಡಿಯಾರ ನೋಡಿಕೊಂಡರು. ಆಮೇಲೆ ಟೈಲರ್ ಅಕ್ಕ ಎದ್ದಳು.

"ನಮ್ಮಪ್ಪ ನಂಗೆ ಒಂದೇ ಸಲ ಹೇಳಿದ್ದು," ಎಂದು ಶುರುಮಾಡಿದಳು. "ಬಾಂಬ್ ಸಿಡಿಸಿದ್ರೆ ನೆಲ ಹಿಟ್ಟು ಉಬ್ಬಿದಂಗೆ ಉಬ್ಬಿ ಕುಸೀತಿತ್ತಂತೆ. ಯಾವತ್ತೂ ಅಷ್ಟೇ ಆಗೋದು. ಒಂದು ದಿನ ಮಾತ್ರ ಬಿರುಕು ಬಿಟ್ಟು ಹೊಗೆ ಎದ್ದಿತ್ತು. ಗಾಳಿ ಇವರ ಕಡೆ ತಿರುಗ್ತು. ಸಾಹೇಬ್ರು ಜೀಪ್ ಹತ್ತಿ ಹೋದ್ರು. ಇವರಿಗೆ ವಾಹನ ತೊಳೀರಿ ಅಂದ್ರು. ತೊಳೆದ ನೀರು ಮೈಮೇಲೆಲ್ಲ ಸಿಡೀತು. ಮನೆಗೆ ಬಂದು ನನ್ನ ಎತ್ಕೊಂಡ್ರಂತೆ. ಆಗ ನಂಗೆ ನಾಲ್ಕು ವರ್ಷ. ‘ನಿನ್ನ ಎತ್ಕೋಬಾರ್ದಿತ್ತು ಮಗಳೇ’ ಅಂತ, ಸಾಯೋ ಮುಂಚೆ ಅತ್ರು. ಕಾಯಿಲೆಗೆ ಅತ್ತವರಲ್ಲ, ಅದಕ್ಕೆ ಅತ್ರು."

ಅಮ್ಮ ದೊಡ್ಡ ಮಗಳ ಮುಖವನ್ನೇ ನೋಡುತ್ತಿದ್ದಳು. ಈ ಮಾತು ಅವಳಿಗೂ ಹೊಸದು.

ನಿವೃತ್ತ ಅಂಚೆ ಮಾಸ್ತರು ಎದ್ದು ನಿಂತರು. "ಎಲ್ಲ ಸರಿ ಕಣಮ್ಮ. ನಾಳೆ ಬೇರೆ ದೇಶ ಪರೀಕ್ಷೆ ಮಾಡಿದ್ರೆ ನಾವು ಕೈಕಟ್ಟಿ ಕೂರೋದಾ?"

ಟೈಲರ್ ಅಕ್ಕ ನೀರು ಕುಡಿದಳು. "ಮಾಸ್ತರೇ, ದೊಡ್ಡ ರಾಜಕೀಯ ನಂಗೆ ಗೊತ್ತಿಲ್ಲ. ಹೊಟ್ಟೆಕಿಚ್ಚು ಗೊತ್ತು. ನನ್ನ ತಂಗಿ ಜೀಪಲ್ಲಿ ಬಂದ್ಳು ಅಂತ ಈ ವಾರ ನಾನು ಸರಿಯಾಗಿ ಊಟ ಮಾಡಿಲ್ಲ. ಅವಳೇನು ಸಣ್ಣ ಆಗಿದ್ದಾಳಾ ನೋಡಿ." ಜನ ನಕ್ಕರು, ತಂಗಿಯೂ ನಕ್ಕಳು. "ಅವರು ಮಾಡಿದ್ರು ಅಂತ ನಾವು, ನಾವು ಮಾಡಿದ್ವಿ ಅಂತ ಇನ್ನೊಬ್ಬರು. ವಾಹನ ತೊಳೆಯೋರು ಮಾತ್ರ ಎಲ್ಲ ದೇಶದಲ್ಲೂ ನಮ್ಮಂಥವರೇ. ಉಪವಾಸದ ಮಾತು ಈ ವಾರ ನಿಮಗೆಲ್ಲ ಹೇಳಿದವಳು ನಾನೇ. ಅದನ್ನ ವಾಪಸ್ ತಗೊಳ್ತೀನಿ. ಉಂಡವರು ತಾವಾಗಿ ಎಲೆ ಮಡಚ್ತೀವಿ ಅಂದ್ರೆ, ಬೇಗ ಮಡಚಿ ಅನ್ನೋದು ಬುದ್ಧಿವಂತಿಕೆ."

ಮೊದಲ ಸಹಿ ಅಮ್ಮನದು. ಒಂದೊಂದೇ ಅಕ್ಷರ ಬರೆಯಲು ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅಳಿಯನದು. ಮಾಸ್ತರು ಪತ್ರವನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದರು. ಎಂಟು ಗಂಟೆಗೆ ನಾನೂರಹನ್ನೆರಡು ಸಹಿಯಾಗಿತ್ತು. ಸುದ್ದಿ ತಿಳಿದು ಪ್ರತಿನಿಧಿಯೇ ಹಜಾರಕ್ಕೆ ಬಂದು ಪತ್ರ ಒಯ್ದರು, ಒಪ್ಪಂದದ ಪರವಾಗಿ ಮತ ಹಾಕುವುದಾಗಿ ಬರೆದೂ ಕೊಟ್ಟರು.

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ತಂಗಿ ನಡುವಿನಲ್ಲಿ, ನೀರಿನ ಲೋಟ ಹಿಡಿದು. ಟೈಲರ್ ಅಕ್ಕನ ಅರ್ಧ ಮುಖ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಅವಳಿಗೆ ಆವತ್ತೂ ಬೆಳಗಿನ ತಿಂಡಿ ಸೇರಲಿಲ್ಲ. ಮಧ್ಯಾಹ್ನದ ಊಟ ಮಾತ್ರ ಅಕ್ಕ ತಂಗಿ ಇಬ್ಬರೂ ಅಮ್ಮನ ಮಂಚದ ಬಳಿ ಕೂತು ಮಾಡಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಕುಟುಂಬ ಕಥೆಯದು. ಆದರೆ ಪ್ರಪಂಚದಲ್ಲಿ ಇದುವರೆಗೆ ಎರಡು ಸಾವಿರಕ್ಕೂ ಹೆಚ್ಚು ಅಣುಬಾಂಬ್ ಪರೀಕ್ಷೆಗಳು ನಡೆದಿರುವುದು ಕಥೆಯಲ್ಲ. ಅವನ್ನೆಲ್ಲ ನಿಷೇಧಿಸುವ ಒಪ್ಪಂದ 1996ರಿಂದ ಸಹಿಗೆ ತೆರೆದಿದೆ. ಬಹುಪಾಲು ದೇಶಗಳು ಒಪ್ಪಿವೆ. ಒಪ್ಪಲೇಬೇಕಾದ ಕೆಲವು ದೇಶಗಳು, ಬಾಂಬ್ ಇರುವವೂ ಸೇರಿ, ಇನ್ನೂ ಒಪ್ಪದ ಕಾರಣ ಅದು ಜಾರಿಗೆ ಬಂದಿಲ್ಲ. ‘ಅವರು ಮೊದಲು ಒಪ್ಪಲಿ’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರೆ ವರ್ಷಗಳು ಹೀಗೇ ಕಳೆಯುತ್ತವೆ. ನಿಮ್ಮ ಸಂಘದಲ್ಲಿ ಈ ಮಾತು ತೆಗೆಯಿರಿ. ಅನುಮಾನವಿದ್ದರೆ ಕೇಳಿ, ವಾದ ಮಾಡಿ. ನಿಮ್ಮ ಪ್ರತಿನಿಧಿಗೆ ನಾಲ್ಕು ಸಾಲು ಬರೆಯಿರಿ. ಅಣುಪರೀಕ್ಷೆಯ ಧೂಳು ಬಿದ್ದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಅವರಿನ್ನೂ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಪಕ್ಕದಲ್ಲಿ ಕೂತು ಅವರ ಮಾತು ಕೇಳಿಸಿಕೊಳ್ಳಿ.