ಟೈಲರ್ ಸರಿಪಡಿಸಿದ ಲೈಫ್ ಜಾಕೆಟ್

ಹೆಂಡತಿ ತೀರಿಕೊಂಡ ಮೇಲೆ ಟೈಲರ್ ಕಡಲಿಗೆ ಇಳಿದಿರಲಿಲ್ಲ. ಮೊದಲು ವಾರಕ್ಕೊಂದು ದಿನ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗುತ್ತಿದ್ದರು; ಹೊಟ್ಟೆಪಾಡಿಗಲ್ಲ, ಖುಷಿಗೆ. ಅವಳು ಹೋದಂದಿನಿಂದ ದೋಣಿ ಟಾರ್ಪಾಲು ಹೊದ್ದು ಮಲಗಿತ್ತು. ವರ್ಷ ತುಂಬಿದ ಮೇಲೆ ಅವನಿಗೆ ಮತ್ತೆ ಕಡಲಿನ ಆಸೆಯಾಯಿತು. ಇದು ದೇವರೇ ಕೊಟ್ಟ ಆಸೆ ಎಂದು ಅವನು ನಂಬಿದ. ಮಗಳು ನಂಬಲಿಲ್ಲ.

"ಅಮ್ಮನ್ನ ಕಳ್ಕೊಂಡಾಯ್ತು," ಎಂದಳು. "ಮೊದಲು ಲೈಫ್ ಜಾಕೆಟ್ ಹಾಕ್ಕೊಂಡು ಇಲ್ಲೇ ದೋಣಿಕಟ್ಟೆ ಹತ್ರ ನೀರಿಗಿಳಿದು ತೇಲಿ ತೋರ್ಸು. ಸರಿಯಾಗಿ ತೇಲಿದ್ರೆ ಹೋಗು. ಇಲ್ದಿದ್ರೆ ದೋಣಿ ಮಾರೋದೇ."

"ಆಗಲಿ," ಎಂದ ಟೈಲರ್. ಅವನಿಗೆ ಒಳಗೊಳಗೇ ನಗು. ಅಂಗಡಿಯಿಂದ ತಂದ ಜಾಕೆಟ್ ಗೋಣಿಚೀಲದಂತಿತ್ತು. ಅದನ್ನು ತಾನೇ ಬಿಚ್ಚಿ, ಸೊಂಟದ ಸುತ್ತ ಬಿಗಿ ಮಾಡಿ, ತನ್ನ ಅಳತೆಗೆ ಹೊಲಿದು ಇಟ್ಟಿದ್ದ.

ಅವನು ಅದನ್ನು ತೊಟ್ಟು ಬಂದಾಗ ಜೊತೆಗೆ ಹೊರಟಿದ್ದ ಭಾಮೈದ ಮೇಲಿಂದ ಕೆಳಗೆ ನೋಡಿದ. "ಏನ್ ಭಾವ, ಮೀನು ಹಿಡಿಯೋಕೆ ಹೊರಟಿದ್ದೀರೋ, ಹೆಣ್ಣು ನೋಡೋಕೋ?"

"ನಿನ್ನ ಅಂಗಿ ನೋಡಿದ್ರೆ ಮೀನೂ ಓಡಿಹೋಗತ್ತೆ. ಸುಮ್ನಿರು."

ನೀರು ಎದೆಮಟ್ಟ ಬಂದಾಗ ಟೈಲರ್ ಕಾಲು ಎತ್ತಿದ. ಬಲಮಗ್ಗುಲು ಕೆಳಗಿಳಿಯಿತು, ಎಡಮಗ್ಗುಲು ಮೇಲೆದ್ದಿತು, ಮುಖ ನೀರಿಗೆ ಹೊರಳಿತು. ಭಾಮೈದ ನಗಲು ಬಾಯಿ ತೆರೆದವನು ಹಾಗೇ ನಿಂತ. ಮಗಳು ಸೀರೆ ಸಮೇತ ಧುಮುಕಿ ಅಪ್ಪನನ್ನು ಎತ್ತಿ ನಿಲ್ಲಿಸಿದಳು.

ಕಟ್ಟೆಯ ಮೇಲೆ ಕೂರಿಸಿ ಅವಳು ಜಾಕೆಟ್ಟಿನ ಬಲಬದಿ ಹಿಸುಕಿ ನೋಡಿದಳು. "ಇದರೊಳಗೆ ತೇಲಿಸೋ ಫೋಮ್ ಎಲ್ಲಿ?"

"ತೆಗೆದೆ. ಗಾಳದ ಕೋಲು ಬೀಸುವಾಗ ಕಂಕುಳಿಗೆ ಉಜ್ಜುತ್ತಿತ್ತು."

"ತೆಗೆದು?"

"ಸೂಜಿ ಚುಚ್ಚಿಡೋ ಮೆತ್ತೆ ಮಾಡ್ಕೊಂಡೆ," ಎಂದ ಟೈಲರ್ ತಲೆ ತಗ್ಗಿಸಿ.

ಕೆಮ್ಮು ಇಳಿದ ಮೇಲೆ ಅವನೇ ಹೇಳಿದ: "ಮಾತು ಅಂದ್ರೆ ಮಾತು. ದೋಣಿ ಮಾರಿಬಿಡಮ್ಮ."

ಅಪ್ಪ ಜಗಳಕ್ಕೆ ನಿಲ್ಲುತ್ತಾನೆಂದೇ ಅವಳು ಸೊಂಟ ಕಟ್ಟಿ ನಿಂತಿದ್ದಳು. ಈಗ ಸೀದಾ ಮನೆಗೆ ಹೋದಳು. ಬರುವಾಗ ಕೈಯಲ್ಲಿ ಅಮ್ಮನ ಜಾಕೆಟ್ ಇತ್ತು. ಅಮ್ಮ ಅಪ್ಪನಿಗಿಂತ ದಪ್ಪಗಿದ್ದಳು. ಇದರ ಮೇಲೆ ಕತ್ತರಿ ಇಟ್ಟರೆ ಬೆರಳು ಕತ್ತರಿಸುತ್ತೇನೆ ಎಂದು ಹೆದರಿಸಿ ಅದನ್ನು ಉಳಿಸಿಕೊಂಡಿದ್ದಳು.

ಟೈಲರ್ ಅದನ್ನು ಕಣ್ಣಿಗೊತ್ತಿಕೊಂಡು ತೊಟ್ಟ. ಮಗಳು ಪಟ್ಟಿಗಳನ್ನು ಬಿಗಿದಳು. ಈ ಸಲ ಅವನು ಖಾಲಿ ಕೊಡದಂತೆ ತೇಲಿದ, ಮುಖ ಆಕಾಶಕ್ಕೆ. ತುಟಿ ಏನೋ ಜಪಿಸುತ್ತಿತ್ತು.

"ಸಾಕು, ಬಾ ಅಪ್ಪ."

"ಸ್ವಲ್ಪ ಇರು," ಎಂದ ಅವನು.

ಕತ್ತಲಿಗೆ ಮುಂಚೆ ಬರಬೇಕು, ಕಡಲೊಳಗಿನ ಬಂಡೆಯಿಂದಾಚೆ ಹೋಗಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡು, ಅಪ್ಪನ ಕೊರಳಿಗೆ ಸೀಟಿ ಕಟ್ಟಿ ಮಗಳು ಅವರನ್ನು ಕಳಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಟೈಲರನ ಕೋಲು ಬಿಲ್ಲಿನಂತೆ ಬಾಗಿತು. ಬಹಳ ಹೊತ್ತು ಎಳೆದಾಡಿ ದೋಣಿಯ ಪಕ್ಕಕ್ಕೆ ತಂದದ್ದು ತೋಳುದ್ದದ ಮೀನು; ಹೊಟ್ಟೆ ಉಬ್ಬಿತ್ತು.

"ಮೊಟ್ಟೆ ತುಂಬಿದೆ," ಎಂದ ಟೈಲರ್. "ಬಿಡೋಣ."

"ವರ್ಷಕ್ಕೊಂದು ಮೀನು, ಅದಕ್ಕೂ ಸೀಮಂತ ಮಾಡಿ ಕಳಿಸ್ತೀರಾ ಭಾವ?"

"ಇದೊಂದನ್ನು ತಿಂದ್ರೆ ಸಾವಿರ ತಿಂದ ಹಾಗೆ. ಅಷ್ಟು ಹಸಿವಾ ನಿನಗೆ?"

ಅವನು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆ ಗಾಳ ಬಿಡಿಸಿದ. ಸುಸ್ತಾಗಿದ್ದ ಅದನ್ನು ಹರಿವಿಗೆ ಎದುರಾಗಿ ಹಿಡಿದು ಕಾದ. ಕಿವಿರು ಮೆಲ್ಲನೆ ಆಡಿತು. ಆಮೇಲೆ ಬಾಲ ಒಮ್ಮೆ ಬಡಿದು ಕೈಯಿಂದ ಜಾರಿ ಹೋಯಿತು.

ಕಟ್ಟೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಬುಟ್ಟಿ ನೋಡಿದಳು. "ಏನೂ ಸಿಗಲಿಲ್ವಾ?"

"ಸಿಕ್ತು. ನಿಮ್ಮಪ್ಪ ಆಶೀರ್ವಾದ ಮಾಡಿ ಕಳಿಸಿದ್ರು," ಎಂದ ಭಾಮೈದ.

ಅವಳು ಅಪ್ಪನ ಮುಖ ನೋಡಿದಳು. ಆ ಮುಖ ಹೀಗೆ ಅರಳಿದ್ದನ್ನು ಕಂಡು ವರ್ಷವೇ ಆಗಿತ್ತು. ಹಗ್ಗ ಕಂಬಕ್ಕೆ ಸುತ್ತುತ್ತಾ ಹೇಳಿದಳು: "ಮುಂದಿನ ವಾರ ನಾನೂ ಬರ್ತೀನಿ. ನನಗೊಂದು ಜಾಕೆಟ್ ಬೇಕು. ನೀನು ಹೊಲಿಬೇಡ. ಅಂಗಡೀಲಿ ತಗೋ."