ಹನ್ನೆರಡು ಬೆಂಚು

"ನೆಲಕ್ಕೆ ಬೋಲ್ಟ್ ಹೊಡಿ, ಹನ್ನೆರಡಕ್ಕೂ," ಎಂದರು ಹೆಡ್‌ಮಾಸ್ಟರ್. "ಇನ್ಮೇಲೆ ಈ ರೂಮಲ್ಲಿ ಒಂದು ಬೆಂಚೂ ಅಲುಗಾಡಬಾರದು."

ಬಡಗಿ ಡ್ರಿಲ್ಲಿನ ವೈರು ಬಿಚ್ಚುತ್ತ ತಲೆಯಾಡಿಸಿದ. ಏಳನೇ ಕ್ಲಾಸಿನಲ್ಲಿ ವಿಸ್ತೀರ್ಣದ ಲೆಕ್ಕ ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ಇಂಥದೇ ಒಂದು ಕೋಣೆಯಿಂದ ಮೇಷ್ಟರು ಅವನನ್ನು ಹೊರಗೆ ನಿಲ್ಲಿಸಿದ್ದರು. ಅವನು ಮತ್ತೆ ಒಳಗೆ ಹೋಗಲೇ ಇಲ್ಲ. ಈಗ ದಿನಾ ಹಲಗೆಯ ಮೇಲೆ ಅದೇ ಲೆಕ್ಕ ಹಾಕುತ್ತಾನೆ. ಹಾಕುವಾಗಲೆಲ್ಲ ಆ ಮೇಷ್ಟರ ಮೇಲೆ ಸಿಟ್ಟು ಉಕ್ಕುತ್ತದೆ.

ನಡೆದದ್ದಿಷ್ಟು. ಮೊದಲು ಕೂರುವ ಬೆಂಚೂ ಬರೆಯುವ ಡೆಸ್ಕೂ ಒಂದೇ ಚೌಕಟ್ಟಿನಲ್ಲಿದ್ದವು. ಮಕ್ಕಳು ಎದುರುಬದುರು ಕೂತು, ಮಾತಾಡುತ್ತ, ಕೈಯಾರೆ ಮಾಡುತ್ತ ಕಲಿಯಲಿ ಎಂದು ಆರನೇ ಕ್ಲಾಸಿನ ಮೇಡಮ್ ಅವನ್ನು ಕೊಯ್ಯಿಸಿ ಬೇರೆ ಮಾಡಿಸಿದ್ದರು. ಮೂರು ತಿಂಗಳು ತರಗತಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಹೋದ ವಾರ ಒಂದು ಬೆಂಚು ಹಿಂದಕ್ಕೆ ಮಗುಚಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿಯ ಬಲತೋಳು ಮುರಿಯಿತು.

ಮೇಡಮ್ ಬಾಗಿಲಲ್ಲಿ ನಿಂತಿದ್ದರು. "ಬೋಲ್ಟ್ ಆಮೇಲೆ ಹೊಡೆಸಿ ಸಾರ್. ಬೆಂಚು ಯಾಕೆ ಬಿತ್ತು ಅಂತ ಮೊದ್ಲು ಈ ಮಕ್ಕಳೇ ಕಂಡುಹಿಡೀಲಿ. ಒಂದು ಗಂಟೆ ಕೊಡಿ."

"ಆಟ ಆಡಿದ್ದಕ್ಕೆ ಬಿತ್ತು, ಮತ್ಯಾಕೆ? ಒಂದೇ ಗಂಟೆ, ಅಷ್ಟೆ," ಎಂದು ಗೊಣಗುತ್ತ ಹೆಡ್‌ಮಾಸ್ಟರ್ ಆಫೀಸಿಗೆ ನಡೆದರು.

"ನಂಗೆ ನೋಡಿದ ಕೂಡ್ಲೆ ಗೊತ್ತಾಯ್ತು. ಹೇಳ್ಬಿಡ್ಲಾ ಮೇಡಮ್?" ಎಂದ ಬಡಗಿ.

"ಬೇಡಪ್ಪ. ಒಂದು ಗಂಟೆ ಬಾಯಿಗೆ ಬೀಗ ಹಾಕ್ಕೊ."

ಅವನು ಹಲ್ಲು ಕಚ್ಚಿಕೊಂಡು ಮೂಲೆಯಲ್ಲಿ ಕೂತ. ಮಕ್ಕಳು ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಹಿಂದಕ್ಕೆ ವಾಲಿದರು. ಬೀಳದಂತೆ ಹಿಡಿಯಲು ನಾಲ್ವರು ಹಿಂದೆ ನಿಂತರು.

"ಡುಮ್ಮ, ನೀನು ಕೂರೋ. ಬಿದ್ರೆ ಮೆತ್ತಗಿರುತ್ತೆ," ಎಂದ ಹಿಡಿಯಲು ನಿಂತ ಒಬ್ಬ.

"ನಾನು ಬಿದ್ರೆ ನೆಲಕ್ಕೆ ಪಟ್ಟಿ ಕಟ್ಟಿಸ್ಬೇಕಾಗುತ್ತೆ, ನೋಡ್ಕೋ!"

ಗುಬ್ಬಿ ನಗಲಿಲ್ಲ. ಬಿದ್ದ ದಿನದಿಂದ ಅವಳು ಬೆಂಚು ಮುಟ್ಟಿರಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದವಳಿಗೆ ಬೆಂಚಿನ ಕಾಲುಗಳು ಕಣ್ಣೆದುರಿಗೇ ಕಾಣುತ್ತಿದ್ದವು.

"ಮೈ ಕಾಲಿಗಿಂತ ಆಚೆ ಹೋದ್ರೆ ಮಗುಚುತ್ತೆ," ಎಂದಳು. "ಮೊದ್ಲು ಡೆಸ್ಕು ಹಿಡ್ಕೊಂಡಿತ್ತು. ಕೊಯ್ದ ಮೇಲೆ ಹಿಡ್ಕೊಳೋಕೆ ಏನೂ ಇಲ್ಲ."

ಮೇಡಮ್ಮಿನ ಮುಖ ಬಿಳಿಚಿಕೊಂಡಿತು.

"ಹೌದು ಕಣೇ," ಎಂದರು. "ಕೊಯ್ಯಿಸಿದ್ದು ನಾನು. ತಪ್ಪು ನಂದೇ."

ತಪ್ಪು ನಂದೇ ಎಂದ ಮೇಷ್ಟರನ್ನು ಬಡಗಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನ ಸಿಟ್ಟಿಗೆ ಎತ್ತ ಹೋಗಬೇಕೆಂದೇ ತಿಳಿಯಲಿಲ್ಲ. ಎದ್ದು ಹೋಗಿ ಒಂದು ಕಂತೆ ಮರದ ಪಟ್ಟಿ ತಂದು ನೆಲಕ್ಕೆ ಹಾಕಿದ.

"ಕಾಲಿನ ಅಡಿಗೆ, ಹಿಂದಕ್ಕೆ ಚಾಚೋ ಹಾಗೆ ಪಟ್ಟಿ ಹೊಡೆದ್ರೆ ನಿಲ್ಲುತ್ತೆ. ಎಷ್ಟುದ್ದ ಅಂತ ನಾನು ಹೇಳಲ್ಲ. ನೀವೇ ನೋಡಿ."

ಮೂರು ಅಳತೆಯ ಪಟ್ಟಿಗಳನ್ನು ಹಗ್ಗದಿಂದ ಕಟ್ಟಿ ನೋಡಿದರು. ಗಿಡ್ಡ ಪಟ್ಟಿಯ ಬೆಂಚು ಮಗುಚಿತು. ಉದ್ದದ್ದಕ್ಕೆ ಡುಮ್ಮ ಎಡವಿ ಬಿದ್ದ. ನಡುವಿನದು ನಿಂತಿತು. ಗುಬ್ಬಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಸೊಟ್ಟಗೆ ಗುರುತು ಹಾಕಿದಳು. ಬಡಗಿ ಅದೇ ಗುರುತಿಗೆ ಕೊಯ್ದು ಮೊಳೆ ಹೊಡೆದ.

ಹೆಡ್‌ಮಾಸ್ಟರ್ ಬಂದರು. ಪಟ್ಟಿ ಹೊಡೆದ ಬೆಂಚಿನ ಮೇಲೆ ಕೂತು, ಬೇಕೆಂದೇ ಹಿಂದಕ್ಕೆ ವಾಲಿದರು. ಬೆಂಚು ಕಿರ್ರೆಂದಿತು, ಅಷ್ಟೆ.

"ಇವಳಪ್ಪನ ಮುಂದೆ ತಲೆ ತಗ್ಗಿಸಿ ನಿಂತವನು ನಾನು," ಎಂದರು ಗುಬ್ಬಿಯನ್ನು ನೋಡುತ್ತ. "ಇನ್ನೊಂದು ಸಲ ನಿಲ್ಲೋಕಾಗಲ್ಲ. ಸಂಜೆ ಬೆಲ್ ಹೊಡೆಯೋಷ್ಟರಲ್ಲಿ ಎಷ್ಟು ಬೆಂಚಿಗಾಗುತ್ತೋ ಅಷ್ಟಕ್ಕೆ ಪಟ್ಟಿ ಹೊಡೀರಿ. ಉಳಿದಿದ್ದಕ್ಕೆ ಬೋಲ್ಟೇ."

ಯಾರೂ ಊಟಕ್ಕೆ ಏಳಲಿಲ್ಲ. ಅಳೆಯುವವರು ಅಳೆದರು, ಹಿಡಿಯುವವರು ಹಿಡಿದರು. ಮೇಡಮ್ ಕೂಡ ಸೆರಗು ಸಿಕ್ಕಿಸಿ ಮೊಳೆ ಕೊಡುತ್ತ ಕೂತರು. ಬೆಲ್ ಹೊಡೆದಾಗ ಒಂಬತ್ತು ಬೆಂಚು ಮುಗಿದಿದ್ದವು.

ಉಳಿದ ಮೂರನ್ನು ಬಡಗಿ ತಾನೇ ನೆಲಕ್ಕೆ ಬಿಗಿದ. ಮಕ್ಕಳು ಬ್ಯಾಗು ಹೆಗಲಿಗೇರಿಸಿಕೊಂಡು ನಿಂತು ನೋಡಿದರು. ಕೊನೆಯ ಬೋಲ್ಟು ಇಳಿಯುವವರೆಗೂ ಒಬ್ಬರೂ ಮನೆಗೆ ಹೊರಡಲಿಲ್ಲ.