ಕೊಲೆಗಾರನ ಕಡೆಯವರು

ಮೊದಲನೇ ಕೊಲೆಗೇ ಟಾಕೀಸಿನಲ್ಲಿ ಶಿಳ್ಳೆ ಬಿತ್ತು. ಇಂಪನಾಳಿಗೆ ಎದ್ದು ಆಚೆ ಹೋಗಿಬಿಡೋಣ ಅನ್ನಿಸಿತು. ಹೋಗುವುದು ಹೇಗೆ? ಎಡಗಡೆ ಅಮ್ಮ ಮಂಜುಳಮ್ಮ, ಬಲಗಡೆ ಸೋದರಮಾವ ಪುಟ್ಟರಂಗಯ್ಯ, ಅವರಿಬ್ಬರ ಆಚೆಗೆ ಕಡಬದಿಂದ ಮಾವ ವ್ಯಾನು ಮಾಡಿಸಿಕೊಂಡು ಕರೆತಂದ ನೆಂಟರು, ಸಾಲು ತುಂಬಾ. ಅದೂ ಅಲ್ಲದೆ, ಸಿನಿಮಾ ಮಾಡಿದವಳೇ ಇವಳು. ಅಡುಗೆ ಮಾಡಿದವಳೇ ಊಟದ ಮಧ್ಯೆ ಎದ್ದು ಹೋದರೆ ಉಣ್ಣುವವರು ಏನಂದುಕೊಳ್ಳುತ್ತಾರೆ?

ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ತಯಾರಾದ ಮಾಲು ಸರಿಯಿದೆಯಾ ನೋಡಿ ಪಾಸು ಮಾಡುವ ಕೆಲಸ ಇಂಪನಾಳದು. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಜೊತೆ ಕೆಲಸದವರನ್ನೇ ಕಟ್ಟಿಕೊಂಡು ರಜಾ ದಿನಗಳಲ್ಲಿ ಸಿನಿಮಾ ಮಾಡುತ್ತಿದ್ದಾಳೆ ಅಂದಾಗ, ಯಾವುದೋ ಪ್ರೀತಿ ಪ್ರೇಮದ ಕಥೆ ಇರಬೇಕು ಅಂತ ಎಲ್ಲರೂ ಸುಮ್ಮನಿದ್ದರು. ಇವಳು ಮಾಡಿದ್ದು ಕೊಲೆಗಳ ಸಿನಿಮಾ, ಅದರಲ್ಲೂ ನಗಿಸಿ ನಗಿಸಿ ಕೊಲ್ಲುವ ಸಿನಿಮಾ. ಹೆಸರು 'ಉಂಡೇ ಹೋಗಿ'. ತೆಂಗಿನ ತೋಟದ ಯಜಮಾನನೊಬ್ಬ ತಲೆಗೆ ಗೋಣಿಚೀಲ ಹಾಕಿಕೊಂಡು, ಪಾಲು ಕೇಳಲು ಬಂದ ಅಕ್ಕತಂಗಿಯರನ್ನು ಒಬ್ಬೊಬ್ಬರನ್ನಾಗಿ ಮಚ್ಚಿನಲ್ಲಿ ಕಡಿದು ಹಾಕುತ್ತಾನೆ. ಬಂದ ತಕ್ಷಣ ಕಡಿಯುವ ಒರಟನಲ್ಲ. ಕಾಲಿಗೆ ನೀರು ಕೊಡುತ್ತಾನೆ, ಎಲೆ ಹಾಕಿ ಮುದ್ದೆ ಬಡಿಸುತ್ತಾನೆ, ಹೆಂಗಸರು ಮಾಡುವ ಶಾಸ್ತ್ರವನ್ನೂ ತಾನೇ ಮಾಡಿ ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬುತ್ತಾನೆ. ಮಚ್ಚು ಆಮೇಲೆ.

ಇದನ್ನೆಲ್ಲ ಇಂಪನಾ ಹೊಟ್ಟೆ ಉರಿದುಕೊಂಡೇ ಬರೆದದ್ದು. ಅಜ್ಜ ಬಿಟ್ಟುಹೋದ ಕಡಬದ ತೋಟದಲ್ಲಿ ಅಮ್ಮನಿಗೂ ಅರ್ಧ ಪಾಲಿದೆ. ಅಪ್ಪ ತೀರಿಕೊಂಡಾಗಿನಿಂದ ತಾಯಿ ಮಗಳು ಕುಣಿಗಲ್ಲಿನ ಬಾಡಿಗೆ ಮನೆಯಲ್ಲಿದ್ದಾರೆ. ಆದರೂ ಪ್ರತಿ ಗೌರಿ ಹಬ್ಬಕ್ಕೆ ಬಾಗಿನದ ಸೀರೆ ಹಿಡಿದು ಬರುವ ಮಾವ, ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹಕ್ಕು ಬಿಡುಗಡೆ ಪತ್ರಕ್ಕೊಂದು ಸೈನ್ ಹಾಕ್ಬುಡವ್ವ, ನಮ್ ನಮ್ಮಲ್ಲಿ ಏನೈತೆ" ಅನ್ನುವುದು ತಪ್ಪಿರಲಿಲ್ಲ. ಮಂಜುಳಮ್ಮ ಈ ಸಲ ಹೂಂ ಅಂದಿದ್ದಳು. ನಾಳೆ ಸೋಮವಾರ, ಗುಬ್ಬಿಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈನು. ಬೇಡಮ್ಮ, ನಾಳೆ ಕೈಕಾಲು ಬಿದ್ದರೆ ನಿನ್ನದು ಅಂತ ಒಂದು ಗೇಣು ನೆಲ ಬೇಡವಾ ಅಂತ ಇಂಪನಾ ಬಡಕೊಂಡಿದ್ದೇ ಬಂತು. "ತೋಟ ತಗಂಡು ತವರು ಕಳ್ಕಳ್ಳೇನೇ?" ಅಂತ ಅಮ್ಮನದು ಒಂದೇ ಮಾತು. ಬಾಯಲ್ಲಿ ಹೇಳಿದರೆ ಕೇಳದವಳಿಗೆ ಕಣ್ಣಿಗೆ ತೋರಿಸೋಣ ಅಂತ, ಸೈನಿನ ಹಿಂದಿನ ದಿನದ ಬೆಳಗಿನ ಆಟಕ್ಕೇ ಫ್ಯಾಕ್ಟರಿ ಹತ್ತಿರದ ಟಾಕೀಸು ಗೊತ್ತು ಮಾಡಿದ್ದಳು.

ಸಿನಿಮಾ ತೆಗೆದದ್ದು ಎಲ್ಲಿ ಅಂತೀರಿ? ಮಾವನ ತೋಟದಲ್ಲೇ. ತೆಂಗಿನ ತೋಟದ ಸಿನಿಮಾ ಮಾವ ಅಂದಿದ್ದಕ್ಕೆ ಆತ ಕಥೆ ಏನು ಅಂತಲೂ ಕೇಳದೆ ತೋಟ ಬಿಟ್ಟುಕೊಟ್ಟಿದ್ದ. ಬಂದವರಿಗೆಲ್ಲ ಮಾವನ ಹೆಂಡತಿ ರಂಗಲಕ್ಷ್ಮಮ್ಮ ಬೇಡ ಬೇಡ ಅಂದರೂ ಇನ್ನರ್ಧ ಮುದ್ದೆ ಎಲೆಗೆ ಹಾಕಿದ್ದಳು. ಆ ಮುದ್ದೆ ಉಂಡೇ ಇವಳು ಆ ಮನೆಯವರ ಮೇಲೆ ಸಿನಿಮಾ ತೆಗೆದಳು. ಒಂದೊಂದು ತುತ್ತೂ ಅವಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ನಿಜ. ಆದರೂ ಉಂಡಿದ್ದಳು.

ಈಗ ತೆರೆಯ ಮೇಲೆ ಮಾನಸಾ ಎಲೆಯ ಮುಂದೆ ಕೂತಿದ್ದಳು. ಇಂಪನಾಳ ಗೆಳತಿ, ಸಿನಿಮಾದಲ್ಲಿ ಕಿರಿಯ ತಂಗಿ. "ಸಾಕಣ್ಣ, ಪಾಲಿನ ವಿಷ್ಯ ಮಾತಾಡೋಣ" ಅಂದಳು. ಯಜಮಾನನ ಪಾತ್ರ ಮಾಡಿದ್ದ, ಇವಳ ಜೊತೆ ಕೆಲಸದ ಉದಯಕುಮಾರ್ ಗೋಣಿಚೀಲದೊಳಗಿಂದಲೇ, "ಮೊದ್ಲು ಉಣ್ಣವ್ವ. ಖಾಲಿ ಹೊಟ್ಟೇಲಿ ಕಳ್ಸೋ ಮನೆ ಅಲ್ಲ ನಮ್ದು" ಅಂತ ಇನ್ನೊಂದು ಸೌಟು ಸಾರು ಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಮಾವ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಟವೆಲಿನಲ್ಲಿ ಒರೆಸಿಕೊಂಡ. ಒಂದೊಂದು ನಗುವಿಗೂ ಇಂಪನಾಳ ಮೇಲಿಂದ ಬಗ್ಗಿ, "ನೋಡ್ದಾ ಮಂಜಿ" ಅಂತ ತಂಗಿಯ ಮುಖ ನೋಡುತ್ತಿದ್ದ. ಮಂಜುಳಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಮ್ಮನೂ ನಗುವುದು ಕಂಡು ಇಂಪನಾ ತೆರೆಯ ಕಡೆ ನೋಡುವುದನ್ನೇ ಬಿಟ್ಟಳು.

ಆಟ ಬಿಟ್ಟಿತು. ಬಾಗಿಲಲ್ಲಿ ಮಾನಸಾ ಮೊಬೈಲು, ಮೈಕು ಹಿಡಿದು ನಿಂತಿದ್ದಳು. ಸಿನಿಮಾ ಹೆಂಗಿತ್ತು ಅಂತ ಜನರ ಬಾಯಿಂದ ಹೇಳಿಸಿ ಹಾಕದಿದ್ದರೆ ಈಗಿನ ಕಾಲದಲ್ಲಿ ಸಿನಿಮಾ ಬಂತು ಅಂತ ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ.

"ಬೆಂಕಿ ಗುರೂ. ಆ ಗೋಣಿಚೀಲದಣ್ಣನೇ ಹೀರೋ" ಅಂದ ಒಬ್ಬ.

"ಆ ಹೆಣ್ಮಕ್ಳದ್ದೇ ತಪ್ಪು" ಅಂದಳು ಮಗು ಎತ್ತಿಕೊಂಡಿದ್ದ ಒಬ್ಬಾಕೆ. "ಅಷ್ಟು ಪ್ರೀತಿಯಿಂದ ಊಟಕ್ಕಿಟ್ಟವ್ನೆ. ಉಂಡ ಮನೇಲಿ ಪಾಲು ಕೇಳ್ತಾರಲ್ಲ, ಅವ್ರಿಗೆ ಹಂಗೇ ಆಗ್ಬೇಕು."

ರಿಟೈರ್ಡ್ ಮೇಷ್ಟ್ರು ಸದಾಶಿವಯ್ಯ ಗಂಟಲು ಸರಿಮಾಡಿಕೊಂಡರು. "ರಕ್ತ ಸ್ವಲ್ಪ ಜಾಸ್ತಿ ಆಯ್ತು. ಆದ್ರೆ ಸಂಸ್ಕಾರ ಇದೆ. ಬಂದೋರನ್ನ ಹೆಂಗೆ ಉಪಚಾರ ಮಾಡ್ಬೇಕು ಅಂತ ಈಗಿನ ಮಕ್ಳಿಗೆ ಗೊತ್ತಾಗುತ್ತೆ. ಮನೆ ಮಂದಿಯೆಲ್ಲ ಕೂತು ನೋಡ್ಬಹುದು."

ಅಯ್ಯೋ ಶಿವನೇ, ಅಂದುಕೊಂಡಳು ಇಂಪನಾ. ಚುಚ್ಚಲಿ ಅಂತ ಇಟ್ಟ ಮುಳ್ಳನ್ನು ಜನ ಹೂವು ಅಂತ ಮುಡಿದುಕೊಂಡು ಹೊರಟಿದ್ದರು. ಈ ಸೀಮೆಯಲ್ಲಿ ಅನ್ನ ಇಕ್ಕಿದವನು ಕೆಟ್ಟವನಾಗುವುದಿಲ್ಲ. ಬಡಿಸಿದ ಕೈ ಕಂಡ ಮೇಲೆ ಆ ಕೈಯಲ್ಲಿನ ಮಚ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಉಂಡು ಬೆಳೆದವಳಿಗೆ ಇಷ್ಟು ಹೊಳೆಯದೆ ಹೋಯಿತಲ್ಲ, ಪೆದ್ದಿ.

ಮೈಕು ಮಾವನ ಹತ್ತಿರ ಬಂತು. ನೆಂಟರೆಲ್ಲ ಸುತ್ತ ನೆರೆದರು. ಪುಟ್ಟರಂಗಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಆವಯ್ಯ ಏನ್ ತಪ್ ಮಾಡವ್ನೆ ಹೇಳಿ. ಕರ್ದು ಉಣ್ಣಕ್ಕಿಕ್ಕವ್ನೆ, ಮಡ್ಲು ತುಂಬವ್ನೆ. ಅವ್ರು ತೋಟ ಹರಿದು ಹಂಚ್ಕತೀವಿ ಅಂದ್ರೆ ಅವ್ನಾದ್ರೂ ಎಷ್ಟು ಅಂತ ತಡ್ಕತಾನೆ?" ಅಂದ. ಹೇಳುತ್ತಾ ಇಂಪನಾಳನ್ನು ಪಕ್ಕಕ್ಕೆ ಎಳೆದುಕೊಂಡು ಹೆಗಲ ಮೇಲೆ ಕೈ ಹಾಕಿದ. ಆ ಕೈಯಲ್ಲಿ ಮೋಸವಿರಲಿಲ್ಲ, ಅದೇ ಸಂಕಟ. ಸಣ್ಣವಳಿದ್ದಾಗ ಎಳನೀರು ಕೊಚ್ಚಿ ಕೊಟ್ಟ ಕೈ ಅದು.

"ಇವ್ಳು ನಮ್ ತಂಗಿ ಮಗಳು. ಎಲ್ಲಾ ನಮ್ ತೋಟದಾಗೇ ತೆಗ್ದಿರೋದು. ನಾಳೆ ಗುಬ್ಬೀಲಿ ನಮ್ ತಂಗಿ ಪತ್ರಕ್ಕೆ ಸೈನ್ ಹಾಕ್ತಾಳೆ, ನಮ್ಮಲ್ಲಿ ಜಗಳಗಿಗಳ ಏನಿಲ್ಲ ನೋಡಿ. ಬೇರೆಯೋರು ಯಾಕೆ, ಓದಿರೋ ಹುಡ್ಗಿ, ಸಾಕ್ಷಿ ಸೈನ್ ಇವ್ಳೇ ಹಾಕ್ಲಿ. ಏನ್ ಮಗಾ, ಹಾಕ್ತೀಯ ತಾನೆ?"

ಮೈಕು ಇಂಪನಾಳ ಬಾಯಿಗೆ ಬಂದು ನಿಂತಿತು. ಮಾನಸಾಗೆ ಒಳಗಿನ ವಿಷಯ ಏನು ಗೊತ್ತು, ಪಾಪ, ನಗುತ್ತಾ ಹಿಡಿದಿದ್ದಳು. ಸುತ್ತ ನೆಂಟರು, ನೆಂಟರ ಹಿಂದೆ ಜನ. ಹೆಗಲ ಮೇಲೆ ಮಾವನ ಕೈ. ಇಲ್ಲ ಅಂದರೆ ವ್ಯಾನು ಮಾಡಿಸಿಕೊಂಡು ಬಂದ ಮನುಷ್ಯನಿಗೆ ನಡುಬೀದಿಯಲ್ಲಿ ಅವಮಾನ, ಹೂಂ ಅಂದರೆ ಅಮ್ಮನ ಪಾಲಿಗೆ ತಾನೇ ಎಳ್ಳುನೀರು ಬಿಟ್ಟ ಹಾಗೆ. ಇಂಪನಾ ಅಮ್ಮನ ಕಡೆ ನೋಡಿದಳು. ಮಂಜುಳಮ್ಮ ಕಣ್ಣು ಮಿಟುಕಿಸದೆ ಮಗಳನ್ನೇ ನೋಡುತ್ತಿದ್ದಳು. ಅಮ್ಮನ ಮರ್ಯಾದೆ ಕಳೆಯಬೇಡ ಅನ್ನುತ್ತಿದ್ದಾಳೆ ಅಂತ ಅರ್ಥ ಮಾಡಿಕೊಂಡಳು ಇವಳು.

"ಆಯ್ತು ಮಾವ" ಅಂದಳು.

ನೆಂಟರು ಚಪ್ಪಾಳೆ ತಟ್ಟಿದರು. ಮೈಕು ಕೊನೆಗೆ ಮಂಜುಳಮ್ಮನ ಹತ್ತಿರ ಹೋಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ಚೆನ್ನಾಗಿತ್ತು" ಅಂದು ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದಳು.

ಮಧ್ಯಾಹ್ನದ ಕುಣಿಗಲ್ ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಂಪನಾಳಿಗೆ ತಡೆಯಲಾಗಲಿಲ್ಲ.

"ನೀನೂ ನಕ್ಯಲ್ಲಮ್ಮ."

"ಅಣ್ಣ ನನ್ ಮುಖಾನೇ ನೋಡ್ತಿದ್ದ. ನಗ್ದೆ ಏನ್ ಮಾಡ್ಲಿ?" ಅಂದಳು ಮಂಜುಳಮ್ಮ. ಆಮೇಲೆ ಮಗಳ ಕಡೆ ತಿರುಗಿ, "ಆ ಕೊನೇ ಹೆಂಗಸು ಇದ್ಲಲ್ಲ, ಕಡೀತಾನೆ ಅಂತ ಗೊತ್ತಿದ್ದೂ ಎಲೆ ಬಿಟ್ಟು ಏಳ್ಲೇ ಇಲ್ವಲ್ಲ, ಅದು ನಾನೇ ಅಲ್ವೇನೇ?" ಅಂದಳು.

ಅಷ್ಟು ದೊಡ್ಡ ಟಾಕೀಸಿನಲ್ಲಿ ಇಂಪನಾಳ ಸಿನಿಮಾ ಒಬ್ಬಳಿಗೆ ಅರ್ಥವಾಗಿತ್ತು. ಯಾರಿಗೋಸ್ಕರ ಮಾಡಿದ್ದಳೋ ಅವಳಿಗೇ.

"ಗೊತ್ತಾಯ್ತಾ ಅಮ್ಮ ನಿಂಗೆ?"

"ಗೊತ್ತಾಗ್ದೆ ಏನು. ನಾಳೆ ಸೈನ್ ಹಾಕಲ್ಲ ಅಂತ ಅಲ್ಲೇ ಅಂದ್ಬುಡಾನ ಅಂತ ನಿಂತಿದ್ದೆ ಕಣೇ. ಅಷ್ಟ್ ಜನದ ಮುಂದೆ ಅಂದ್ರೆ ಅಣ್ಣ ಕೂಗಾಡಕ್ಕಾಗಲ್ಲ. ನೀನು ಒಂದ್ ಮಾತು ಹಾಕಲ್ಲ ಅಂದ್ರೆ ಸಾಕು, ಹಿಂದಿಂದ್ಲೇ ನಾನೂ ಅಂದ್ಬುಡ್ತೀನಿ ಅಂತ ನಿನ್ ಬಾಯನ್ನೇ ನೋಡ್ತಿದ್ದೆ." ಕಿಟಕಿಯಾಚೆಗೆ ನೋಡಿದಳು. "ನೀನು ಆಯ್ತು ಮಾವ ಅಂದೆ."

ಬಸ್ಸು ಹಳ್ಳಕ್ಕೆ ಇಳಿದು ಎದ್ದಿತು. ಇಂಪನಾ ತಡಕಾಡಿ ಬ್ಯಾಗಿನಿಂದ ಮೊಬೈಲು ತೆಗೆದಳು. ಮಾವನ ನಂಬರು ತೆಗೆದು ಅಮ್ಮನ ಮುಂದೆ ಹಿಡಿದಳು.

"ಈಗ್ಲೇ ಹೇಳಮ್ಮ. ನಾನೂ ಹೇಳ್ತೀನಿ. ಇನ್ನೂ ಏನೂ ಆಗಿಲ್ಲ."

ಮಂಜುಳಮ್ಮ ಮೊಬೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ.

"ಬುಡು ಮಗಾ. ಆ ಒಂದ್ ಗಳಿಗೆ ಇತ್ತು ಧೈರ್ಯ, ಆಗೋಯ್ತು" ಅಂದಳು. "ಬೆಳಿಗ್ಗೆ ಬೇಗ ಎದ್ಬುಡು. ನಿನ್ ಆಧಾರ್ ಕಾರ್ಡ್ ಎತ್ತಿಟ್ಕೊ, ಸಾಕ್ಷಿಯೋರ್ದೂ ಕೇಳ್ತಾರಂತೆ."